ದವನಳಿಗೆ ಹಚ್ಚಿದ ಅರಿಶಿನ

ಬ್ಯಾಟರಾಯನಪುರ
21-1-2025

ಪ್ರೀತಿಯ ಮಾವಾ,

ನಮಸ್ಕಾರಗಳು. ಕಾಲು ಹೇಗಿದೆ? ಕಟ್ಟು ಬಿಚ್ಚುವವರೆಗೆ ನೆಲಕ್ಕೆ ಊರಬಾರದೆಂದು ಡಾಕ್ಟರು ಹೇಳಿದ್ದರೂ ನೀವು ಗೋಡೆ ಹಿಡಿದುಕೊಂಡು ಚಿಕ್ಕಬಳ್ಳಾಪುರದ ಬೀದಿ ನೋಡಲು ಹೊರಡುತ್ತೀರಂತೆ. ಸೀತಕ್ಕ ಎಲ್ಲವನ್ನೂ ಹೇಳಿದ್ದಾರೆ. ಮಗಳ ಮನೆ ಎಂದು ಸಂಕೋಚ ಬೇಡ, ಇನ್ನೊಂದು ಮುದ್ದೆ ಬೇಕೆನಿಸಿದರೆ ಕೇಳಿ ಹಾಕಿಸಿಕೊಳ್ಳಿ. ಫೋನಿನಲ್ಲಿ ನಾನು ಏನು ಹೇಳಿದರೂ ನಿಮಗೆ ಕೇಳಿಸುವುದಿಲ್ಲ, ಸುಮ್ಮನೆ "ಆಯ್ತವ್ವ, ಆಯ್ತವ್ವ" ಎನ್ನುತ್ತೀರಿ. ಈ ಸಲದ ಸುದ್ದಿಗೆ ಬರೀ ಆಯ್ತವ್ವ ಸಾಲದು. ಅದಕ್ಕೇ ಈ ಪತ್ರ.

ಸುದ್ದಿ ದವನಳದು. ಸೀತಕ್ಕನ ಕಾರು ಹತ್ತುವಾಗ ನೀವು ಹೇಳಿದ ಮಾತು ನೆನಪಿದೆಯೇ? "ಸಂಕ್ರಾಂತಿ ಕಳೀಲಿ, ಕುದ್ರೇನ ನಾಗಭೂಷಣಂಗೆ ಕೊಟ್ಬಿಡಾನ. ಈ ಚಳೀಲಿ ಅದುನ್ನ ಉಜ್ಜಿ ತೀಡೋರು ಮನೇಲಿ ಯಾರವ್ರೆ?" ನನಗೆ ಅಳುವೂ ಬಂತು, ಸಿಟ್ಟೂ ಬಂತು. ಈ ಕಡೆಯ ಅರ್ಧ ಮದುಮಕ್ಕಳನ್ನು ಬೆನ್ನ ಮೇಲೆ ಹೊತ್ತು ಛತ್ರ ಮುಟ್ಟಿಸಿದವಳು ನಾಗಭೂಷಣನ ರೆಸಾರ್ಟಿನಲ್ಲಿ ಸೆಲ್ಫಿಗೆ ನಿಲ್ಲಬೇಕೇ? ಯಾರವ್ರೆ ಅಂದರೆ ಏನರ್ಥ, ನಾನೇನು ಗೋಡೆಗೆ ಹೊಡೆದ ಮೊಳೆಯೇ? ಧನುರ್ಮಾಸದಲ್ಲಿ ಮದುವೆಗಳಿಲ್ಲ, ಕೈತುಂಬ ಸಮಯವಿದೆ. ಹಬ್ಬ ಮುಗಿದ ಮೇಲಿನ ಮೊದಲ ಮೆರವಣಿಗೆಗೆ ಅವಳನ್ನು ಬೆಳ್ಳಗೆ ಫಳಫಳ ಹೊಳೆಯುವ ಹಾಗೆ ಮಾಡಿ ನಿಮ್ಮ ಬಾಯಿ ಮುಚ್ಚಿಸುತ್ತೇನೆಂದು ಅಂದೇ ಹಟ ತೊಟ್ಟೆ. ಮುಚ್ಚಿಸುತ್ತೇನೆ ಎಂದಿದ್ದಕ್ಕೆ ಕ್ಷಮೆಯಿರಲಿ.

ಚಳಿಗೆ ಅವಳ ಮೈಕೂದಲು ಎಷ್ಟು ದಟ್ಟವಾಗಿ ಬೆಳೆದಿತ್ತೆಂದರೆ ನಮ್ಮ ಕುದುರೆ ಹೋಗಿ ಯಾವುದೋ ಕರಡಿ ಬಂದ ಹಾಗಿತ್ತು. ನೀವು ಹೇಳಿಕೊಟ್ಟಂತೆ ನೀರು ಮುಟ್ಟಿಸಲಿಲ್ಲ. ಬಿಸಿಲು ಏರಿದ ಮೇಲೆ ರಬ್ಬರ್ ಬ್ರಷ್ಷಿನಿಂದ ಮಣ್ಣು ಎಬ್ಬಿಸಿ, ಗಟ್ಟಿ ಬ್ರಷ್ಷಿನಿಂದ ಅದನ್ನು ಝಾಡಿಸಿ, ಕೊನೆಗೆ ನಿಮ್ಮ ಹಳೇ ಪಂಚೆಯಿಂದ ಒರೆಸುತ್ತಿದ್ದೆ. ಬಾಲದ ಸಿಕ್ಕನ್ನು ಕೊಬ್ಬರಿ ಎಣ್ಣೆ ಹಚ್ಚಿ ಬೆರಳಿನಲ್ಲೇ ಬಿಡಿಸಿದೆ. ಗೊರಸು ಕೆರೆಯುವಾಗ ನಿಮ್ಮ ಮಗ ಹಗ್ಗ ಹಿಡಿದುಕೊಳ್ಳುತ್ತಿದ್ದರು. ಒದೆಯುತ್ತಾಳೆಂಬ ಭಯಕ್ಕೆ ಹಗ್ಗದ ಆ ತುದಿ ರಸ್ತೆಯಲ್ಲಿರುತ್ತಿತ್ತು ಅನ್ನಿ! ರಾತ್ರಿ ಬೆನ್ನ ಮೇಲೆ ಗೋಣಿತಾಟು. ಅತ್ತೆ ಮಾತ್ರ ಎಂದಿನಂತೆ ಮೂಗಿಗೆ ಸೆರಗು ಹಿಡಿದು, "ಅಸು ಆದ್ರೆ ಆಲಾದ್ರೂ ಕೊಡ್ತದೆ, ಇದೇನ್ ಕೊಡ್ತದೆ, ಲದ್ದಿ" ಎಂದು ಗೊಣಗುತ್ತಾ ಆ ಕಡೆ ಸುಳಿಯದೆ ಇದ್ದರು. ನಾನು ಈ ಮನೆಗೆ ಬಂದಾಗಿನಿಂದ ಅವರು ಕುದುರೆ ಮುಟ್ಟಿದ್ದನ್ನು ಕಂಡೇ ಇಲ್ಲ. ಹಬ್ಬದ ಹೊತ್ತಿಗೆ ದವನ ಮಲ್ಲಿಗೆಯ ದಂಡೆಯಂತೆ ಬೆಳ್ಳಗಾಗಿದ್ದಳು.

ಇನ್ನು ಅನಾಹುತಕ್ಕೆ ಬರುತ್ತೇನೆ, ಗಟ್ಟಿಯಾಗಿ ಕುಳಿತುಕೊಳ್ಳಿ. ಸಂಕ್ರಾಂತಿ ಬೆಳಿಗ್ಗೆ ನಾನು ಎಳ್ಳು ಬೀರಲು ಹೋಗಿ ಬಂದೆ. ಬಂದು ನೋಡಿದರೆ ದವನ ಕಿವಿಯಿಂದ ಬಾಲದ ಬುಡದವರೆಗೂ ಹಳದಿ! ಪಕ್ಕದಲ್ಲಿ ಅತ್ತೆ, ಮೊಣಕೈವರೆಗೂ ಹಳದಿ. ಹಸುಗಳು ಹೋದ ಮೇಲೆ ಅವರಿಗೆ ಸಂಕ್ರಾಂತಿಯೇ ಸಪ್ಪೆಯಾಗಿತ್ತಲ್ಲ (ಅವನ್ನು ಮಾರಿದ ವರ್ಷವೂ ನೀವು ಹಬ್ಬಕ್ಕೆ ಮೊದಲೇ ಅವಸರವಾಗಿ ಕಳಿಸಿಬಿಟ್ಟಿರಿ). ನಾನು ಕೂಗಿಕೊಂಡರೆ ಅವರದು ಒಂದೇ ಮಾತು: "ಅಬ್ಬದ ದಿನ ಕೊಟ್ಟಿಗೇಲಿರೋ ಜೀವುಕ್ಕೆ ಅರಿಶಿನ ಬ್ಯಾಡ್ವೇನೆ? ಕಿಚ್ಚು ಆಯಿಸ್ಬ್ಯಾಡ ಅಂದೆ, ಬುಟ್ಟೆ. ಇದೂ ಬ್ಯಾಡ್ವಾ?"

ಹಸುವಿನ ಮೈಯಾಗಿದ್ದರೆ ಒರೆಸಿದರೆ ಹೋಗುತ್ತಿತ್ತೇನೋ. ಈ ಚಳಿಗಾಲದ ಉದ್ದ ಬಿಳಿ ಕೂದಲು ಅರಿಶಿನವನ್ನು ಕುಡಿದೇಬಿಟ್ಟಿತ್ತು. ಎರಡು ದಿನಕ್ಕೆ ಮೆರವಣಿಗೆ, ಅದಾದ ಮೇಲಿನ ಭಾನುವಾರ ಅವಳನ್ನು ಒಯ್ಯಲು ಬರುವ ನಾಗಭೂಷಣ! ಗಾಬರಿಯಲ್ಲಿ ಬಟ್ಟೆ ಸೋಪು ತಂದು ಉಜ್ಜಿದೆ. ಅರಿಶಿನಕ್ಕೆ ಸೋಪು ತಗುಲಿದರೆ ಏನಾಗುತ್ತದೆಂದು ನನ್ನ ಸೀರೆಯ ಅಂಚುಗಳಿಗೇ ಗೊತ್ತು, ನನಗೆ ಮಾತ್ರ ಆ ಹೊತ್ತಿಗೆ ಮರೆತಿತ್ತು. ಕೆಂಪಗಾಯಿತು ಮಾವಾ, ಆರತಿ ನೀರಿನಂತೆ ಕೆಂಪಗೆ! ನಿಮ್ಮ ಮಗ ರಸ್ತೆಯಿಂದಲೇ, "ಏನೇ ಇದು, ದವನಂಗೆ ಓಕುಳಿ ಆಡ್ಸಿದ್ದೀಯಾ?" ಎಂದು ನಕ್ಕರು. ನಾನು ಅತ್ತೇಬಿಟ್ಟೆ. ಆಗ ಅತ್ತೆ ನಿಂಬೆಹಣ್ಣು ಹಿಂಡಿ ತಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಇನ್ನೊಂದು ಪಕ್ಕ ನಿಂತರು. ಬಟ್ಟೆ ಅದ್ದಿ ಒರೆಸಿದೆವು, ಒಣ ಟವೆಲಿನಿಂದ ತಿಕ್ಕಿದೆವು, ಮೈ ಆರುವವರೆಗೂ ಕಂಬಳಿ ಹೊದಿಸಿ ಬಿಸಿಲಲ್ಲಿ ನಿಲ್ಲಿಸಿದೆವು. ದವನ ಹಾಯಾಗಿ ಕಣ್ಣು ಮುಚ್ಚಿ, ಮೂತಿಯನ್ನು ಅತ್ತೆಯ ಹೆಗಲ ಮೇಲಿಟ್ಟಳು. "ಥೂ, ಎಷ್ಟ್ ಭಾರ ಇದ್ರ ತಲೆ" ಎಂದರು ಅತ್ತೆ. ಸರಿಸಲಿಲ್ಲ.

ನಿಂಬೆಯ ಹುಳಿಗೆ ಕೆಂಪು ಇಳಿಯಿತು, ಬಿಸಿಲಿಗೆ ಹಳದಿಯೂ ಮಾಸಿತು, ಆದರೂ ಪೂರ್ತಿ ಹೋಗಲಿಲ್ಲ. ಮೆರವಣಿಗೆಯ ಸಂಜೆ ನಮ್ಮ ಕುದುರೆ ತೆಳು ಹಳದಿ, ಸಂಪಿಗೆಯ ಬಣ್ಣ. ಕೊಡಿಗೇಹಳ್ಳಿಯ ಛತ್ರದ ಹತ್ತಿರ ಹೋಗುವಾಗ ಅವಳನ್ನು ದೀಪದ ಬೆಳಕಿಗೆ ಬೀಳದಂತೆ ಓರೆಯಲ್ಲೇ ನಡೆಸಿದೆ. ಗಂಡಿನ ಅಜ್ಜಿ ಬಂದು ದವನಳನ್ನು ಮೇಲಿಂದ ಕೆಳಗೆ ನೋಡಿದರು, ಬೆರಳಿನಿಂದ ಕುತ್ತಿಗೆ ಸವರಿ ಮೂಸಿದರು. ಆಮೇಲೆ ಛತ್ರಕ್ಕೆಲ್ಲ ಕೇಳುವ ಹಾಗೆ, "ನೋಡ್ರೇ, ಕುದ್ರೆಗೂ ಅರಿಶಿನ ಶಾಸ್ತ್ರ ಮಾಡ್ಕೊಂಡ್ ಕರ್ಕೊಂಡ್ ಬಂದವ್ರೆ! ಇಂಗಿರ್ಬೇಕು ಮನೆತನ ಅಂದ್ರೆ" ಎಂದರು. ಮದುಮಗನಿಗಿಂತ ದವನಳ ಫೋಟೋಗಳೇ ಹೆಚ್ಚಾದವು. ಮಾಘ ಮಾಸಕ್ಕೆ ಇಬ್ಬರು ಆಗಲೇ ಬಂದು ಕೇಳಿದ್ದಾರೆ, ಬಿಳಿ ಕುದುರೆಯನ್ನಲ್ಲ, ಅರಿಶಿನದ ಕುದುರೆಯನ್ನು. ಅಂದು ಮನೆಗೆ ಮರಳುವಾಗ ನಗು ತಡೆಯಲಾರದೆ ದಾರಿಯುದ್ದಕ್ಕೂ ನಕ್ಕೆ. ಇಷ್ಟು ಸಂತೋಷಪಟ್ಟು ಎಷ್ಟು ಕಾಲವಾಗಿತ್ತೋ.

ಅತ್ತೆ ಪಕ್ಕದಲ್ಲೇ ಕುಳಿತು "ಏನೇನ್ ಬರೀತಿದೀಯ, ಓದೇಳು" ಎನ್ನುತ್ತಿದ್ದಾರೆ, ಆದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ. ಸೀತಕ್ಕನಿಗೂ ಮಕ್ಕಳಿಗೂ ನನ್ನ ನೆನಕೆ ತಿಳಿಸಿ. ಕಾಲು ಜೋಪಾನ. ನಿಮ್ಮ ಆಶೀರ್ವಾದ ನನ್ನ ಮೇಲೂ, ನಾಲ್ಕು ಕಾಲಿನವಳ ಮೇಲೂ ಇರಲಿ.

ನಿಮ್ಮ ಸೊಸೆ,
ಪದ್ಮಶ್ರೀ

ತಾ.ಕ.: ಅತ್ತೆ ಕೊಟ್ಟಿಗೆಗೆ ಹೋದರು, ಬೇಗ ಬರೆದುಬಿಡುತ್ತೇನೆ. ಇದನ್ನು ಬರೆಯಬಾರದೆಂದು ಅವರ ಆಣೆಯಾಗಿದೆ. ಭಾನುವಾರ ನಾಗಭೂಷಣ ಗಾಡಿ ಸಮೇತ ಬಂದಿದ್ದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಗೇಟಿಗೆ ಅಡ್ಡ ನಿಂತು, "ಸಂಕ್ರಾಂತೀಲಿ ಅರಿಶಿನ ಅಚ್ಚಿದ್ ಜೀವಾನ ಆ ವರ್ಷ ಇನ್ನೊಬ್ರಿಗೆ ಕೊಟ್ಟು ಒಸ್ಲು ದಾಟ್ಸಬಾರ್ದು ಅಂತ ನಮ್ಮತ್ತೆ ಮಾಡಿಟ್ಟೋದ್ ಕಟ್ಳೆ. ಬೇಕಾದ್ರೆ ನಮ್ಮೆಜಮಾನ್ರನ್ನ ಕೇಳೋಗು" ಎಂದು ಖಾಲಿ ಗಾಡಿ ತಿರುಗಿಸಿ ಕಳಿಸಿದರು. ಈಗ ನಿಮ್ಮ ಬ್ರಷ್ಷನ್ನು ನನ್ನ ಕೈಗೂ ಕೊಡುತ್ತಿಲ್ಲ, "ನಿಂಗ್ ಬರಾಕಿಲ್ಲ, ಬುಡು" ಎನ್ನುತ್ತಾರೆ. ಅಂದು ಅರಿಶಿನ ಹಚ್ಚಿದ್ದು ಹಬ್ಬದ ಆಸೆಗೋ, ಈ ಕಟ್ಟಳೆಯ ನೆನಪಿಗೋ, ಕೇಳಲು ನನಗೆ ಧೈರ್ಯವಿಲ್ಲ. ಬೇಗ ಗುಣವಾಗಿ ಬಂದು ನೀವೇ ಕೇಳಿ.