ಆರಾಮಿಲ್ಲ

ಯಲಹಂಕ
೪-೧೧-೧೯೮೩

ಸಂಗಕ್ಕನಿಗೆ ಕಾಶಿನಾಥನ ಶರಣು.

ನಿನ್ನ ಎರಡನೆಯ ಪತ್ರ ಬಂದು ಇಪ್ಪತ್ತು ದಿನವಾಯಿತು. ತಡಮಾಡಿದ್ದಕ್ಕೆ ಬೈದುಕೋ. ‘ಎಲ್ಲರೂ ಕ್ಷೇಮ’ ಎಂಬಲ್ಲಿಗೆ ಬಂದಾಗಲೆಲ್ಲ ಕಾಗದ ಹರಿದುಹಾಕಿದೆ.

ಅವ್ವ ಹಾಗೆಯೇ ಇದ್ದಾಳೆ. ಬಲಗೈ ಏಳುವುದಿಲ್ಲ, ಮಾತು ಬಂದಿಲ್ಲ. ಬರಲೂಬಹುದು ಎನ್ನುತ್ತಾರೆ ಡಾಕ್ಟರು. ಹೆಂಡತಿ ಶಾಲೆಗೆ ರಜೆ ಹಾಕಿ ಗಂಜಿ ಕುಡಿಸುತ್ತಿದ್ದಾಳೆ. ಮನೆಯೊಡತಿ ಸುಬ್ಬಮ್ಮನವರು ದಿನಾ ಸಂಜೆ ಬಂದು ಅವ್ವನ ಕಾಲು ಒತ್ತುತ್ತಾರೆ. “ರತ್ನವ್ವಾ, ನಿಮ್ಮೂರ್ ಮಾತ್ನಲ್ಲೇ ಒಂದ್ಸಲ ಬೈಯಮ್ಮ ನನ್ನ. ಇಂಗ್ ಸುಮ್ಕಿದ್ರೆ ಎಂಗೆ?” ಎನ್ನುತ್ತಾರೆ. ಅವ್ವ ಗೋಡೆ ನೋಡುತ್ತಾಳೆ.

ಮೊನ್ನೆ ಕಾರ್ಖಾನೆಯಲ್ಲಿ ರಾಜ್ಯೋತ್ಸವ. ಹತ್ತು ವರ್ಷದ ಹಿಂದೆ, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದಾಗ, ನೀನು ಕಳಿಸಿದ ಅಮೀನಗಡದ ಕರದಂಟನ್ನು ಎಲ್ಲರಿಗೂ ಹಂಚಿದ್ದೆ. “ಹುಬ್ಳಿ ಸ್ವೀಟಾ ಗುರು?” ಎಂದು ಕೇಳಿದ್ದರು. ಅಮೀನಗಡ ಹುಬ್ಬಳ್ಳಿಯಲ್ಲ ಎಂದು ಹೇಳಲು ಹೋಗಲಿಲ್ಲ. ಈ ಸಲ ಕಾರ್ಯಕ್ರಮದ ನಿರೂಪಣೆಯೇ ನನ್ನದು. ಮುಗಿದ ಮೇಲೆ ಸ್ಟೋರ್ಸಿನ ಪಂಚಪ್ಪ ಬೆನ್ನು ತಟ್ಟಿ, “ಸಾರ್, ನಿಮ್ ಮಾತಲ್ಲಿ ಆ ಕಡೆ ರಾಗ ಒಂದ್ ಚೂರೂ ಇಲ್ಲ ಕಣ್ರೀ. ಪಕ್ಕಾ ನಮ್ಮೋರಾಗ್ಬಿಟ್ರಿ!” ಎಂದ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ ಎಂದು ಆಮೇಲೆ ತಿಳಿಯಿತು.

ಅವ್ವನ ಕೊನೆಯ ಮಾತು ಏನೆಂದು ಮತ್ತೆ ಕೇಳಿದ್ದೀ. ಮೊದಲೇ ಬರೆದಿದ್ದೆನಲ್ಲ, ‘ಆರಾಮಿಲ್ಲ’ ಎಂದಳು. ಮೈಯಲ್ಲಿ ನೆಟ್ಟಗಿಲ್ಲ ಎಂಬುದನ್ನು ಹಾಗೆ ಹೇಳುವುದು ನಮ್ಮ ಕಡೆ ಕೂಸಿಗೂ ಗೊತ್ತು. ಇಲ್ಲಿಯವರಿಗೆ ಅದು ಬಿಡುವಿಲ್ಲ ಎಂದು ಕೇಳಿಸುತ್ತದೆ. ಸುಬ್ಬಮ್ಮನವರು ಅದನ್ನು ಕೇಳಿ “ಕೂತ್ಕಳವ್ವ, ಕೆಲ್ಸ ಎಲ್ಲೋಗ್ತದೆ” ಎಂದು ಹೊರಟುಹೋದರು, ಮಧ್ಯಾಹ್ನದ ಹೊತ್ತಿಗೆ ಅವ್ವ ಬಚ್ಚಲಲ್ಲಿ ಬಿದ್ದಿದ್ದಳು ಎಂದೂ ಬರೆದಿದ್ದೆ. ಅದಕ್ಕೆ ನೀನು, “ಆ ಬೆಂಗಳೂರಾಕಿ ಕಿವಿಗೆ ಏನ್ ಬಡದಿತ್ತ? ನಾ ಬಂದು ಅಕೀನ್ನ ಕೇಳತೀನಿ” ಎಂದು ಬರೆಸಿದ್ದೀ.

ಹದಿಮೂರರ ಭಾನುವಾರ ಯಶವಂತಪುರದಲ್ಲೇ ಇಳಿ. ನಾನು ಬಂದಿರುತ್ತೇನೆ. ಮಾವನವರಿಗೆ ಶರಣು ತಿಳಿಸು. ನಿನ್ನ ಮಕ್ಕಳು ನೂರು ವರ್ಷ ಬಾಳಲಿ.

ನಿನ್ನ ತಮ್ಮ
ಕಾಶಿನಾಥ

ತಾ.ಕ.: ಸುಬ್ಬಮ್ಮನವರನ್ನು ಏನೂ ಕೇಳಬೇಡ. ಆ ದಿನ ಅವರು ರಾಜಾನುಕುಂಟೆಯ ಮಗಳ ಮನೆಯಲ್ಲಿದ್ದರು. ಅವರ ಆ ಮಾತನ್ನು ಕಟ್ಟಿದವನು ನಾನು. ಅವ್ವ ಹೇಳಿದ್ದು ನನಗೆ. ಪಾಳಿಗೆ ಹೊತ್ತಾಗಿತ್ತು, ಬೂಟಿನ ಲೇಸು ಕಟ್ಟುತ್ತಿದ್ದೆ. “ಕಾಶೀ, ಆರಾಮಿಲ್ಲೋ” ಎಂದಳು. ತಲೆ ಎತ್ತದೆ ಅಂದೆ: “ಆರಾಮ್ ಯಾರಿಗಿದೆ ಹೇಳವ್ವ, ನನಗೂ ಇಲ್ಲ.”

ಅವಳು ಎರಡನೆಯ ಸಲ ಹೇಳಲಿಲ್ಲ.