ಬೇವಿನ ಬುಡದ ಪೇಪರು

೨ ಜೂನ್ ೧೯೫೧, ಶಹಾಪುರ. ಮಧ್ಯಾಹ್ನ

ಮಕ್ತುಂಬಿ ಹಾಲು ಹಾಕಿ, ಗೋಡೆಗೆ ಸುಣ್ಣದ ಗೆರೆ ಎಳೆದು ಹೋದಳು. ಗೆರೆಗಳು ಕಿಟಕಿ ಮುಟ್ಟಿವೆ. ಅಂದರೆ ಹಾಲಿನ ತಿಂಗಳು ಮುಗಿಯುತ್ತ ಬಂತು.

ಒಂದೇ ಮನೆಯಲ್ಲಿ ಮೂರು ಬಗೆಯ ತಿಂಗಳು. ಮಕ್ತುಂಬಿಯದು ಚಂದ್ರ ಕಂಡ ತಿಂಗಳು. ಮನೆ ಮಾಲೀಕರು ಇನ್ನೂ ನಿಜಾಮರ ಕಾಲದ ಫಸಲಿ ತಿಂಗಳು ಬಿಟ್ಟಿಲ್ಲ, ಬಾಡಿಗೆ ಆ ಲೆಕ್ಕಕ್ಕೇ. ಇವರ, ಅಂದರೆ ನನ್ನ ಗಂಡನ, ಉರ್ದು ಪೇಪರಿನ ರೊಕ್ಕ ಇಂಗ್ಲಿಷ್ ತಾರೀಖಿಗೆ. ಹೀಗಾಗಿ ಸದಾ ಯಾರಾದರೊಬ್ಬರು ಬಾಗಿಲಲ್ಲಿ. ಎಲ್ಲರಿಗೂ ಕೊಟ್ಟು ಕೈ ತೊಳೆದುಕೊಂಡೆ ಅನ್ನುವ ದಿನವೇ ಇಲ್ಲ.

ಇವರು ಎದುರಿಗೇ ಕೂತು ಪೇಪರು ಓದುತ್ತಿದ್ದಾರೆ. ನಾನು ಇವರ ಎದುರಿಗೇ ಇದನ್ನು ಬರೆಯುತ್ತಿದ್ದೇನೆ. ಹೆದರಿಕೆ ಇಲ್ಲ. ಇವರಿಗೆ ಕನ್ನಡ ಅಕ್ಷರ ಬರುವುದಿಲ್ಲ. ನನ್ನ ತವರು ತಾಳಿಕೋಟಿ ಕಡೆ, ಇಂಗ್ರೇಜರ ಸೀಮೆ. ಅಲ್ಲಿ ಕನ್ನಡ ಸಾಲೆ ಇತ್ತು, ನಾಲ್ಕು ಇಯತ್ತೆ ಓದಿದೆ. ಇವರದು ನಿಜಾಮರ ಸೀಮೆ, ಉರ್ದು ಸಾಲೆ. ಆಡುವ ಮಾತು ಇಬ್ಬರದೂ ಒಂದೇ. ಬರೆಯಲು ಕೂತರೆ ಒಬ್ಬರದು ಒಬ್ಬರಿಗೆ ತಿಳಿಯದು. ನಾನು ಮನೆ ಹಿಸಾಬು ಬರೆಯುತ್ತೇನೆ ಎಂದುಕೊಂಡಿದ್ದಾರೆ. ಅರ್ಧ ನಿಜವೇ.

ಕಚೇರಿ ಮುಂದಿನ ಬೇವಿನ ಬುಡದಲ್ಲಿ ಕೂತು ಮಂದಿಗೆ ಅರ್ಜಿ ಬರೆದುಕೊಡುವುದು ಇವರ ಕೆಲಸ. ಊರಿಗೆಲ್ಲ ಮುನ್ಶಿ. ಈಗ ಬಂದ ಹೊಸ ಸಾಹೇಬರಿಗೆ ಉರ್ದು ಬರದು. ಕನ್ನಡದಲ್ಲಿ ಬರೆಸಿ ತನ್ನಿ ಅನ್ನುತ್ತಾರಂತೆ. ಹಳೇ ಗುಮಾಸ್ತರು ಇರುವ ತನಕ ಉರ್ದು ಅರ್ಜಿಯೂ ನಡೆಯುತ್ತದೆ. ಆದರೆ ದಿನಾ ಒಂದಿಷ್ಟು ಕಡಿಮೆ.

"ತಿಂಗಳದ ಖರ್ಚು ಕಡಿಮಿ ಮಾಡಬೇಕ್ರಿ" ಎಂದೆ.

"ಮಾಡು."

ಪೇಪರಿನ ಹಿಂದಿನಿಂದಲೇ ಹೇಳಿದರು.

೫ ಜೂನ್

ಅಗಸರ ಮಲ್ಲಿಕಮ್ಮನಿಗೆ ಮುಂದಿನ ತಿಂಗಳಿಂದ ಬಟ್ಟೆ ಇಲ್ಲ ಎಂದೆ. ಇವರ ಕಚೇರಿ ಕೋಟು ಮಾತ್ರ ಒಯ್ಯಿ ಎಂದೆ. "ಕೋಟ ಒಂದರ ಸಲುವಾಗಿ ಯಾರ ಬರ್ತಾರ ತಂಗಿ" ಎಂದು ಅದನ್ನೂ ಬಿಟ್ಟು ಹೋದಳು. ಸರಿ. ಕೋಟೂ ನನ್ನ ಪಾಲಿಗೇ.

ಇನ್ನು ಮುಂದೆ ಒಂದೇ ಚಿಮಣಿ ದೀಪ. ಬರೆಯುವುದೇನಿದ್ದರೂ ಹಗಲೇ.

ಇವರು ಎಲೆ ಅಡಿಕೆ ಬಿಟ್ಟಿದ್ದಾರೆ. ನಾನು ಹೇಳಿರಲಿಲ್ಲ. ಅಂಗಡಿಯ ಉದ್ರಿ ಕೇಳಲು ಯಾರೂ ಬರದ್ದು ನೋಡಿ ಗೊತ್ತಾಯಿತು. ಊಟವಾದ ಮೇಲೆ ಬಾಯಿ ಸುಮ್ಮನೆ ಆಡಿಸುತ್ತಾರೆ, ಏನೋ ಅಗಿಯುವವರ ಹಾಗೆ. ನೋಡಲಾಗಲಿಲ್ಲ. ಒಳಗೆ ಹೋದೆ.

೧೪ ಜೂನ್

ಹಾಲು ಅಚ್ಚೇರಿನಿಂದ ಪಾವಿಗೆ ಇಳಿಯಿತು. ನಮ್ಮಿಬ್ಬರ ಚಹಾ ನಿಂತಿತು. ಇರುವುದು ಮಗಳು ಬಾಲಮ್ಮನ ಲೋಟಕ್ಕೆ ಮಾತ್ರ. ಐದು ವರ್ಷದ ಕೂಸು. ಬೇಸಿಗೆಯ ಜ್ವರ ಬಿಟ್ಟ ಮೇಲೆ ಮೈ ಹತ್ತಿಲ್ಲ. ಬೆನ್ನು ತಿಕ್ಕುವಾಗ ಎಲುಬು ಕೈಗೆ ಸಿಗುತ್ತವೆ.

ಇವತ್ತು ಕೇಳಿಯೇ ಬಿಟ್ಟೆ. "ಕನ್ನಡ ಅಕ್ಷರ ನಾ ಕಲಸ್ತೀನ್ರಿ. ನಿಮಗ ಎರಡ ತಿಂಗಳ ಸಾಕು."

"ತಲಿ ಬೆಳ್ಳಗಾದ ಮ್ಯಾಲ ಪಾಟಿ ಹಿಡೀಲೇನು? ಅದೂ ಹೇಣ್ತಿ ಮುಂದ?"

"ಹೇಣ್ತಿ ಮುಂದ ಉಣ್ಣಾಕ ಕೂಡ್ತೀರಲ್ಲ."

ಅನ್ನಬಾರದಿತ್ತು. ಅಂದೆ. ತಾಟು ಅರ್ಧಕ್ಕೇ ಬಿಟ್ಟು ಎದ್ದರು. ರೊಟ್ಟಿ ಮುಚ್ಚಿಟ್ಟಿದ್ದೇನೆ. ನನ್ನ ನಾಲಿಗೆಗೂ ಒಂದು ಮುಚ್ಚಳ ಬೇಕು.

೨೮ ಜೂನ್

ಪೇಪರಿನ ರೊಕ್ಕ ಕೊಟ್ಟು ಹೋದರು. "ಮರಿಲಿಂಗಪ್ಪ ಬಂದ್ರ ಕೊಡು, ಮನಿಆರ್ಡರ್ ಮಾಡ್ತಾನ." ಮರಿಲಿಂಗಪ್ಪ ನಮ್ಮ ಓಣಿಯ ಪೋಸ್ಟ್‌ಮನ್.

ಅವನಿಗಿಂತ ಮೊದಲು ಮಕ್ತುಂಬಿ ಬಂದಳು. ರಂಜಾನಿನ ರೋಜಾ ಹಿಡಿದಿದ್ದಾಳೆ, ತುಟಿ ಒಣಗಿದ್ದವು. ಹೊಸ್ತಿಲ ಮೇಲೆ ಕೂತಳು.

"ಅಕ್ಕಾ, ಈದ್ ಬಂತು. ಈ ಸಲ ಚಂದ್ರ ಕಾಣೂತನಾ ಕಾಯಾಕ ಆಗಂಗಿಲ್ಲ. ಹುಡುಗರಿಗೆ ಅಂಗಿ ಹೊಲಿಸಬೇಕು. ಹ್ವಾದ ತಿಂಗಳದ್ದೂ ಬಾಕಿ ಐತಿ."

ಇಲ್ಲ ಎಂದರೆ ನಾಳೆಯಿಂದ ಹಾಲು ಬರುವುದಿಲ್ಲ. ಒಳಗೆ ಬಾಲಮ್ಮ ಖಾಲಿ ಲೋಟ ನೆಕ್ಕುತ್ತಿದ್ದಳು. ಪೇಪರಿನ ರೊಕ್ಕ ಸೆರಗಿನ ಗಂಟಿನಲ್ಲೇ ಇತ್ತು. ಬಿಚ್ಚಿ ಕೊಟ್ಟೆ.

ಮರಿಲಿಂಗಪ್ಪ ಬಂದ. "ಏನರ ಕೊಡೂದೈತೇನ್ರಿ?" ಎಂದ. ಏನಿಲ್ಲ ಎಂದೆ. ಹಾಲು ಕೂಸಿಗೆ. ಪೇಪರಿನಿಂದ ಯಾರ ಹೊಟ್ಟೆ ತುಂಬುತ್ತದೆ... ಹಾಗಂತ ಬೆಳಗಿನಿಂದ ಹೇಳಿಕೊಳ್ಳುತ್ತಿದ್ದೇನೆ.

೧೦ ಜುಲೈ

ಪೇಪರು ಬಂದು ವಾರದ ಮೇಲಾಯಿತು. ಇವರು ದಿನಾ ಮಧ್ಯಾಹ್ನ ಪೋಸ್ಟಿಗೆ ಹೋಗಿ ಬರಿಗೈಯಲ್ಲಿ ಬರುತ್ತಾರೆ.

"ಯಾದಗಿರಿ ಮೋಟಾರ ಕೆಟ್ಟಿರಬೇಕು" ಎಂದರು ನಿನ್ನೆ. ಹೈದರಾಬಾದಿನ ಟಪಾಲು ಯಾದಗಿರಿಗೆ ರೈಲಿನಲ್ಲಿ, ಅಲ್ಲಿಂದ ಇಲ್ಲಿಗೆ ಮೋಟಾರಿನಲ್ಲಿ. ಮೋಟಾರು ಕೆಟ್ಟಿಲ್ಲ. ಮುಂಜಾನೆ ನಾನೇ ನೋಡಿದ್ದೇನೆ. ಹೌದಿರಬೇಕು ಎಂದೆ.

ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಕೇಳುವುದಿಲ್ಲ. ಅದಕ್ಕೂ ಸಿಟ್ಟು ಬರುತ್ತದೆ ನನಗೆ.

೧೭ ಜುಲೈ

ಸುರಪುರ ಕಚೇರಿಯಲ್ಲಿ ಉರ್ದು ಇನ್ನೂ ಜೋರು ನಡೆಯುತ್ತದೆ ಎಂದು ಯಾರೋ ಅಂದರಂತೆ. ಕೋಟು ಹಾಕಿಕೊಂಡು ಹೋದರು. ಸಂಜೆಯೇ ಬಂದರು. ಅಲ್ಲಿ ಅರ್ಜಿಗಿಂತ ಮುನ್ಶಿಗಳೇ ಹೆಚ್ಚಂತೆ. ಮೋಟಾರಿನ ಚಾರ್ಜು ದಂಡ.

ಈಗ ಹಳೇ ಪೇಪರು ಓದುತ್ತಿದ್ದಾರೆ. ಮೇ ತಿಂಗಳದ್ದು. ಮೊದಲ ಪುಟದಿಂದ.

೨೬ ಜುಲೈ

ಸಾಕಾಗಿದೆ. ಸೊಂಟ ಸಾಕಾಗಿದೆ, ಒಗೆದು ಒಗೆದು. ಇನ್ನು ಕಡಿಮೆ ಮಾಡಲು ಏನಿದೆ? ಹಾಲು ಪೂರಾ ಬೇಡ ಎಂದೆ ಮಕ್ತುಂಬಿಗೆ. ಕೂಸಿಗೆ ಗಂಜಿ ಕೊಡುತ್ತೇನೆ ಎಂದೆ.

ಅವಳು ಹಾಲಿನ ಚೆರಿಗೆ ಕೆಳಗಿಟ್ಟಳು.

"ಹಾಲ ಬ್ಯಾಡಂದ್ರ ಬ್ಯಾಡ. ಒಂದ ಮಾತು ಕೇಳ್ಲೇನಕ್ಕಾ? ಮುನ್ಶಿ ಪೇಪರ್ ಓದೂದು ಯಾಕ ಬಿಟ್ಟಾರ?"

"ಓದಿದ್ರ ಏನ್ ಬರ್ತದ ಮಕ್ತುಂಬಿ?"

"ಏನ್ ಬರ್ತದ ಅಂತೀ ಏನು? ನಾ ದಿನಾ ಅದs ದಾರೀಲೆ ಬರಾಕಿ. ಮಂದಿ ಮೊದಲ ಪೇಪರ್ ಕೇಳಾಕ ಕೂಡ್ತಿದ್ರು. ಸುತ್ತಲ ಹಳ್ಳ್ಯಾವರು, ಗೋಗ್ಯಾವರು, ಕೊಂಕಲ್ಲಾವರು. ಸರ್ಕಾರಕ್ಕ ಲೆವಿ ಜ್ವಾಳ ಎಷ್ಟು ಕೊಡಬೇಕು, ಕೌಲಿನ ಹೊಲ ಉಳಾವಗೋ ಒಡೆಯಗೋ, ಎಲ್ಲಾ ಮುನ್ಶಿ ಉರ್ದು ನೋಡಿ ಕನ್ನಡದಾಗ ಹೇಳವ್ರು. ಪುಕ್ಕಟೆ. ಕೇಳಿದ ಮ್ಯಾಲ, ಹಂಗಾರ ನಂದೊಂದು ಅರ್ಜಿ ಬರೀರಿ ಅಂತಿದ್ರು. ಈಗ ಸುದ್ದಿ ಇಲ್ಲ, ಮಂದೀನೂ ಇಲ್ಲ. ಬುಡಕ ನಾಯಿ ಮಲಗಾಕತ್ತಾವ."

ಅವಳು ಹೋದ ಮೇಲೆ ಅಲ್ಲೇ ಕೂತೆ. ಒಲೆ ಆರಿತು. ಮದುವೆಯಾಗಿ ಒಂಬತ್ತು ವರ್ಷ. ಬೇವಿನ ಬುಡದಲ್ಲಿ ಇವರು ಏನು ಮಾಡುತ್ತಾರೆ ಎಂದು ನಾನು ಕೇಳಿರಲಿಲ್ಲ. ಅರ್ಜಿ ಬರೆಯುತ್ತಾರೆ, ಅಷ್ಟೇ ಎಂದುಕೊಂಡಿದ್ದೆ. ಪೇಪರು ಶೋಕಿ ಎಂದುಕೊಂಡಿದ್ದೆ. ಹಾಲು ತರುತ್ತಿದ್ದುದೇ ಆ ಪೇಪರು. ಅದನ್ನೇ ಕೊಯ್ದು ಹಾಲಿಗೆ ಕೊಟ್ಟೆ.

೨೭ ಜುಲೈ, ಬೆಳಿಗ್ಗೆ

ನಿನ್ನೆ ಊಟಕ್ಕೆ ಬಡಿಸುತ್ತ ಹೇಳಿದೆ. "ಪೇಪರಿನ ರೊಕ್ಕ ನಾ ಕಳಸಿಲ್ರಿ. ಮಕ್ತುಂಬಿಗೆ ಕೊಟ್ಟೆ."

"ಗೊತ್ತೈತಿ."

"ಗೊತ್ತೈತಿ?"

"ಮರಿಲಿಂಗಪ್ಪ ಹೇಳ್ಯಾನ. ಮೊದಲನೇ ವಾರದಾಗs."

"ಮತ್ತ ದಿನಾ ಪೋಸ್ಟಿಗೆ ಯಾಕ ಹೋಗ್ತಿದ್ರಿ?"

ರೊಟ್ಟಿ ಮುರಿದರು. ತಿನ್ನಲಿಲ್ಲ. "ಮನ್ಯಾಗ ಕುಂತ್ರ ನೀ ನೋಡ್ತಿದ್ದಿ."

"ನನ್ನ ಯಾಕ ಬೈಲಿಲ್ಲ?"

"ಏನಂತ ಬೈಲಿ? ಕೂಸಿನ ಬಾಯಾಗಿಂದ ಕಸಗೊಂಡು ಪೇಪರ್ ಓದ್ಲೇನು?"

ಬೈದಿದ್ದರೆ ಚೆನ್ನಾಗಿತ್ತು. ಸಾರು ಬಡಿಸಿದೆ, ಬೇಡ ಎಂದರೂ ಬಡಿಸಿದೆ. ಅತ್ತುಬಿಟ್ಟೆ. ಇವರು ನೋಡಲಿಲ್ಲ, ಅಥವಾ ನೋಡದ ಹಾಗೆ ಮಾಡಿದರು.

೧ ಆಗಸ್ಟ್

ಹುಬ್ಬಳ್ಳಿಯ ಕನ್ನಡ ಪೇಪರು ತರಿಸೋಣ ಎಂದದ್ದು ನಾನೇ. ಮುಂಜಾನೆ ನಾನು ಓದಿ ಹೇಳುವುದು. ಇವರು ಕೇಳಿಕೊಂಡು ಹೋಗಿ ಮಂದಿಗೆ ಹೇಳುವುದು. ಅರ್ಜಿ ಇದ್ದರೆ ಮನೆಗೆ ತಂದರೆ ನಾನು ಬರೆದುಕೊಡುವುದು. ಇವರು "ಆತು" ಎಂದರು.

ಖರ್ಚು ಇಳಿಸಲು ಹೊರಟವಳು ಹೊಸ ಖರ್ಚು ಹಚ್ಚಿಕೊಂಡೆ. ಅದಕ್ಕೆ ಮುಂದಿನ ಕೋಣೆ ಮಾಲೀಕರಿಗೆ ಬಿಟ್ಟುಕೊಟ್ಟೆವು. ಬಾಡಿಗೆ ಅರ್ಧ. ಈಗ ಮೂವರೂ ಅಡುಗೆಮನೆಯಲ್ಲೇ ಮಲಗುವುದು. ಬಾಲಮ್ಮನಿಗೆ ಅದೇ ಖುಷಿ.

ಮನಿಆರ್ಡರ್ ಫಾರಂ ನಾನೇ ತುಂಬಿದೆ. ಪೇಪರು ಯಾರ ಹೆಸರಿಗೆ ಎಂಬಲ್ಲಿ ಕೈ ನಿಂತಿತು. ಗಂಡನ ಹೆಸರು ಬಾಯಲ್ಲಿ ತರದವಳು ಕೈಯಲ್ಲಿ ಹೇಗೆ ಬರೆಯಲಿ.

"ಯಾರ ಹೆಸರ ಬರೀಲ್ರಿ?" ಎಂದ ಮರಿಲಿಂಗಪ್ಪ, ಗೊತ್ತಿದ್ದೂ.

"ನಿನಗ ಗೊತ್ತಿಲ್ದವರೇನ್ ಅವ್ರು?"

ನಗುತ್ತ ತಾನೇ ಬರೆದುಕೊಂಡ. ಈ ಪುಸ್ತಕದಲ್ಲೂ ಇವರು ಬರೀ 'ಇವರು'.

೮ ಆಗಸ್ಟ್

ಪಂಚಮಿಗೆ ತವರಿಗೆ ಹೋಗಲಿಲ್ಲ. ಪೇಪರು ಬಂತು. ಎರಡು ದಿನ ಹಳೆಯದು, ಇರಲಿ. ಕಾಲಂ ಕಾಲಂ ಓದಿದೆ. ಇವರು ಕಣ್ಣು ಮುಚ್ಚಿ ಕೇಳಿದರು, ಒಮ್ಮೆ ಕೇಳಿದ್ದು ಹಾಗೇ ಒಪ್ಪಿಸಿದರು. ಎಂಥ ತಲೆ ಇದು. ಕೋಟು ತೊಟ್ಟು ಹೊರಟಾಗ ಪೇಪರನ್ನೂ ಮಡಚಿ ಬಗಲಿಗೆ ಇಟ್ಟುಕೊಂಡರು.

"ಅದ್ಯಾಕ್ರಿ?"

"ಕೈಯಾಗ ಇಲ್ಲಂದ್ರ ಮಂದಿ ನಂಬೂದಿಲ್ಲ."

ಆರು ಜನ ಬಂದಿದ್ದರಂತೆ.

೧೬ ಆಗಸ್ಟ್

ಮಧ್ಯಾಹ್ನವೇ ಬಂದುಬಿಟ್ಟರು. ಮುಖ ಕಪ್ಪಿಟ್ಟಿತ್ತು. ನೀರು ಕೊಟ್ಟರೆ ಕುಡಿಯಲಿಲ್ಲ. ಸಂಗತಿ ಹೇಳಿದವಳು ಮಕ್ತುಂಬಿಯೇ.

ಬೇವಿನ ಬುಡದಲ್ಲಿ ಮಂದಿ ಕೂತಿದ್ದರಂತೆ. ಇವರು ಪೇಪರು ಬಿಡಿಸಿ ಮುಖದ ಮುಂದೆ ಹಿಡಿದು ಲೆವಿಯ ಸುದ್ದಿ ಹೇಳುತ್ತಿದ್ದರಂತೆ, ಓದುವವರ ಹಾಗೆಯೇ. ಆದರೆ ಇವರ ಕೈಗೆ ರೂಢಿ ಇರುವುದು ಉರ್ದು ಪೇಪರು. ಅದು ಬಲಗಡೆಯಿಂದ ಶುರು. ಕನ್ನಡದ್ದನ್ನೂ ಹಾಗೇ ತಿರುವಿ ಹಿಡಿದಿದ್ದಾರೆ, ಕೊನೇ ಪುಟ ತಮ್ಮ ಕಣ್ಣ ಮುಂದೆ. ವಡಗೇರಾದವನೊಬ್ಬ, ಹೊಸದಾಗಿ ಕನ್ನಡ ಸಾಲೆ ಓದಿದವನು, ಬೆನ್ನ ಹಿಂದೆ ನಿಂತು ಬಗ್ಗಿ ನೋಡಿದನಂತೆ.

"ಮುನ್ಶಿ, ಲೆವಿ ಸುದ್ದಿ ಗುಳಿಗಿ ಜಾಹೀರಾತಿನಾಗ ಬಂದೈತೇನ್ರಿ?"

ಎಲ್ಲರೂ ನಕ್ಕರಂತೆ. ಹೇಳಿದ ಸುದ್ದಿಯಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೂ ನಕ್ಕರು.

ತಪ್ಪು ನನ್ನದೂ ಹೌದು. ಓದಿ ಹೇಳಿದೆ, ಹಿಡಿಯುವುದು ಹೇಗೆಂದು ತೋರಿಸಲಿಲ್ಲ. ಹೊಳೆಯಲೇ ಇಲ್ಲ.

೧೯ ಆಗಸ್ಟ್

ಮೂರು ದಿನ ಕಚೇರಿ ಕಡೆ ಹೋಗಲಿಲ್ಲ. ಇವತ್ತು ಬಾಲಮ್ಮನ ಮೂಲೆಯಲ್ಲಿ ಏನೋ ಹುಡುಕುತ್ತಿದ್ದರು.

"ಏನ್ ಬೇಕಾಗಿತ್ರಿ?"

"ಪಾಟಿ ಎಲ್ಲೈತಿ?"

ಪಾಟಿ, ಬಳಪ ಎರಡೂ ತಂದುಕೊಟ್ಟೆ. ಈ ಸಲ ನಾಲಿಗೆ ಹಿಡಿದುಕೊಂಡೆ.

೩೦ ಆಗಸ್ಟ್

ತಂದೆ ಮಗಳು ಒಂದೇ ಪಾಟಿಯ ಮೇಲೆ. ಇವರು ಬಲಗಡೆಯಿಂದ ಶುರು ಮಾಡಿದರೆ ಬಾಲಮ್ಮ ಕೈ ಹಿಡಿದು ಎಳೆಯುತ್ತಾಳೆ. "ಅಪ್ಪಾ, ಈ ಕಡಿಂದ." ಅವಳು ಹೇಳಿದರೆ ಇವರಿಗೆ ಸಿಟ್ಟು ಬರುವುದಿಲ್ಲ. ನಾನು ರೊಟ್ಟಿ ಬಡಿಯುತ್ತ ದೂರದಿಂದಲೇ ಹೇಳುತ್ತೇನೆ, ಮಗಳಿಗೆ ಹೇಳಿದ ಹಾಗೆ. ಹೀಗೆ ನಡೆಯುತ್ತಿದೆ ಸಾಲೆ.

ಡಬ್ಬಿಯಲ್ಲಿ ಜೋಳದ ಹಿಟ್ಟು ತಳ ಕಂಡಿದೆ. ಮಕ್ತುಂಬಿ ಬೇಡವೆಂದರೂ ಅರ್ಧ ಪಾವು ಹಾಲು ಇಟ್ಟು ಹೋಗುತ್ತಾಳೆ. ಗೆರೆ ಎಳೆಯುವುದಿಲ್ಲ. ಕೇಳಿದರೆ "ಸುಣ್ಣ ತೀರ್ಯಾದ" ಅನ್ನುತ್ತಾಳೆ.

೧೨ ಸೆಪ್ಟೆಂಬರ್

ಬೇವಿನ ಬುಡಕ್ಕೆ ಹೋದರು. ಪೇಪರು ಸರಿಯಾಗಿ ಹಿಡಿದು, ಬೆರಳಿಟ್ಟು, ನಾಲ್ಕು ಸಾಲು ತಾವೇ ಓದಿದರಂತೆ. ಬಹಳ ಹೊತ್ತು ಹಿಡಿಯಿತಂತೆ. ಒಂದು ಶಬ್ದಕ್ಕೆ ನಿಂತಾಗ ಗೋಗಿಯ ಮುದುಕನೊಬ್ಬ "ಸಾವಕಾಶ ಓದ್ರಿ ಮುನ್ಶಿ, ನಾವೇನ್ ಎದ್ದು ಹ್ವಾಂಟಿಲ್ಲ" ಎಂದನಂತೆ. ಎದುರಿಗೆ ಕೂತವರು ಐದೇ ಜನ. ಯಾರೂ ನಗಲಿಲ್ಲ.

ಆ ಮುದುಕನದೇ ಒಂದು ಅರ್ಜಿ. ಮನೆಗೆ ತಂದರು. ನಾನು ಒಂದು ಪ್ರತಿ ಬರೆದೆ, ನೋಡಿಕೊಂಡು ಇವರೊಂದು ಬರೆದರು. ಸೊಟ್ಟ ಸೊಟ್ಟ. ಕೊಟ್ಟದ್ದು ಅದನ್ನೇ.

೧೩ ಸೆಪ್ಟೆಂಬರ್, ಬೆಳಿಗ್ಗೆ

ಮಕ್ತುಂಬಿಗೆ ದಿನಾ ಪಾವು ಹಾಕು ಎಂದೆ. ಸುಣ್ಣ ಸಿಕ್ಕಿತು. ಗೋಡೆಗೆ ಒಂದು ಗೆರೆ.

ದಣಿವು ಹೋಗಿಲ್ಲ. ಬಾಡಿಗೆ ಇನ್ನೂ ಬಾಕಿ. ಆದರೂ ಇವತ್ತು ಕೂತು ಬರೆಯುತ್ತಿದ್ದೇನೆ.

ಇವರು ಬಂದು ಪಕ್ಕದಲ್ಲೇ ಕೂತರು. ಯಾವತ್ತೂ ಎದುರಿಗೆ ಕೂಡುವವರು. ಬಗ್ಗಿ ನೋಡುತ್ತಿದ್ದಾರೆ. ಮುಚ್ಚಲೇ? ಕೈ ಅಡ್ಡ ಹೋಯಿತು, ತೆಗೆದೆ. ಮೇಲಿನ ಸಾಲಿನಲ್ಲಿ ಬೆರಳಿಟ್ಟು "ಪಾ... ವು" ಎಂದರು. ಹೌದ್ರಿ ಎಂದೆ.

ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ ಈಗ. ಬಿಡಿಸಿ ಬಿಡಿಸಿ. ಬೆರಳು ನನ್ನ ಟಾಕಿನ ಮೊನೆಯ ಹಿಂದೆಯೇ ಬರುತ್ತಿದೆ.

"ಇಷ್ಟೆಲ್ಲಾ ಬರ್ದೀದಿ. ಇದರಾಗ ನನ್ನ ಹೆಸರ ಎಲ್ಲೈತಿ?"

ಎಲ್ಲೂ ಇಲ್ರಿ ಎಂದೆ.

"ಬರಿ ಮತ್ತ. ಓದ್ತೀನಿ."

ಹೊರಗೆ ಯಾರೂ ಇಲ್ಲ. ಬಾಲಮ್ಮ ಹಾಲು ಕುಡಿಯುತ್ತಿದ್ದಾಳೆ. ಬೆರಳು ಇಲ್ಲೇ ಕಾಯುತ್ತಿದೆ.

ಭಾ ಗ—