ಗೊಂಬೆಯ ಕಿವಿ ನೋವು

ಟೀಚರಮ್ಮನಾದ ನಮ್ಮ ಸೊಸೆಗೆ,

ಅಂಗಡಿಗೆ ಬೇಗ ಹೊರಟೆ. ಹಾಲು ಕಾಯಿಸಿಟ್ಟಿದ್ದೇನೆ. ನಿನ್ನ ಶಿಶುವಿಹಾರದ ಗೊಂಬೆ ಒಣಗಿದೆ, ಚೀಲದಲ್ಲಿದೆ. ಕಿತ್ತುಹೋಗಿದ್ದ ಅದರ ಕಿವಿಯನ್ನೂ ಹೊಲಿದಿದ್ದೇನೆ. ಹೊಲಿಗೆ ಸೊಟ್ಟಗಿದೆ, ನಗಬೇಡ.

ದಿನಾ ಅದನ್ನು ತೊಳೆದು ನಾನು ಗಿರಾಕಿಗಳಿಗೆ ಹೊಲಿದಿಟ್ಟ ಬಟ್ಟೆಯ ಪಕ್ಕ ನೇತುಹಾಕುತ್ತೀಯ ಅಂತ ಗೊಣಗುತ್ತಿದ್ದೆನಲ್ಲ, ಇನ್ನು ಗೊಣಗುವುದಿಲ್ಲ. ನಿನ್ನೆ ನೀನು ಮರೆತ ಊಟದ ಡಬ್ಬಿ ಕೊಡಲು ಶಿಶುವಿಹಾರಕ್ಕೆ ಬಂದವನು ಬಾಗಿಲಲ್ಲೇ ನಿಂತು ಎಲ್ಲ ನೋಡಿದೆ. ಗೊಂಬೆಗೆ ಕೈ ತೊಳೆಸುವ ನೆಪದಲ್ಲಿ ಇಪ್ಪತ್ತು ಮಕ್ಕಳೂ ತಮ್ಮ ಕೈ ತಾವೇ ತೊಳೆದುಕೊಂಡವು! ಆಮೇಲೆ, ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ ಅಂತ ನೀನು ಹೇಳುತ್ತಿದ್ದ ಆ ಪುಟ್ಟಿ ಗೊಂಬೆಯ ಕಿವಿ ಹಿಡಿದೆಳೆಯುತ್ತಾ ಬಂದು, "ಇದಕ್ಕೆ ಕಿವಿ ನೋಯ್ತಿದೆ" ಅಂದಳು. ನಾನಾಗಿದ್ದರೆ "ನಿಂಗಾ?" ಅಂತ ಗದರಿ ಅವಳ ಬಾಯಿ ಮುಚ್ಚಿಸಿಬಿಡುತ್ತಿದ್ದೆ. ನೀನು, "ಅಯ್ಯೋ ಪಾಪ, ಎಷ್ಟು ದಿನದಿಂದಂತೆ?" ಅಂದೆ. ಅವಳು ಮೂರು ಬೆರಳು ತೋರಿಸಿದಳು. ಅರ್ಧ ಗಂಟೆಯೊಳಗೆ ನೀನು ಅವಳಮ್ಮನನ್ನು ಕರೆಸಿ, ಮಗುವನ್ನು ಡಾಕ್ಟರ ಹತ್ತಿರ ಕಳಿಸಿಯೂ ಆಗಿತ್ತು. ನಲವತ್ತು ವರ್ಷ ಊರವರ ಅಳತೆ ತೆಗೆದವನಿಗೆ ಮನೆಯ ಸೊಸೆಯ ಅಳತೆ ಸಿಕ್ಕಿದ್ದು ನಿನ್ನೆ.

ಇನ್ನೊಂದು ಮಾತು. ಗೊಂಬೆಗೆ ಎರಡು ತಿಂಗಳಿಂದ ಬಲಗಣ್ಣು ಮಂಜಾಗಿದೆಯಂತೆ. ಸೂಜಿಗೆ ದಾರ ಪೋಣಿಸಲೂ ಆಗುತ್ತಿಲ್ಲವಂತೆ. ಮಗನಿಗೆ ಹೇಳಲು ಅದಕ್ಕೆ ಸಂಕೋಚ. ಸಂಜೆ ಬೇಗ ಅಂಗಡಿ ಮುಚ್ಚಿ ಬರುತ್ತೇನೆ. ಕಣ್ಣಿನ ಡಾಕ್ಟರ ಹತ್ತಿರ ನೀನೇ ಅದನ್ನು ಕರ್ಕೊಂಡು ಹೋಗ್ತೀಯಾ?

ಮಾವ